ಗುಮ್ಮಟದ ಪಿಸುಮಾತು, ಗಾಜಿನ ಮಣಿಯ ಬೆಳಕು

ವಿಜಯಪುರದ ಗೋಲಗುಮ್ಮಟದಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳುತ್ತದೆ. ಬಾಗಿದ ಗೋಡೆಯನ್ನೇ ತಬ್ಬಿಕೊಂಡು ಸದ್ದು ಸುತ್ತುವುದು ಇದಕ್ಕೆ ಕಾರಣ. ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ ಇದನ್ನು ಪರೀಕ್ಷಿಸಿದರು. ಮರುವರ್ಷದ ಲೇಖನದಲ್ಲಿ ಗೋಲಗುಮ್ಮಟವನ್ನೂ ಚರ್ಚಿಸಿದರು. ವಸ್ತುವಿಗೆ ತಾಗಿ ಚದುರುವಾಗ ಬೆಳಕು ಬಣ್ಣ ಬದಲಿಸುವ ರಾಮನ್ ಪರಿಣಾಮ ಕೈಗೆ ಸಿಕ್ಕಿದ್ದು ಆಮೇಲೆ, 1928ರಲ್ಲಿ.

ಈ ಎರಡೂ ಕೆಲಸಗಳು 2002ರಲ್ಲಿ ಒಂದು ಗಾಜಿನ ಮಣಿಯೊಳಗೆ ಕೂಡಿದವು. ಅಮೆರಿಕದ ಕ್ಯಾಲ್‌ಟೆಕ್‌ನ ಕೆರ್ರಿ ವಹಾಲಾ ಅವರ ತಂಡ ಕೂದಲೆಳೆಯಷ್ಟು ಸಣ್ಣ ಮಣಿಯ ಅಂಚಿನಲ್ಲಿ ಬೆಳಕನ್ನು ಸುತ್ತಿಸಿ, ಅದರಿಂದಲೇ ರಾಮನ್ ಲೇಸರ್ ಹೊರಡಿಸಿತು. ಮರುವರ್ಷ ಚಿಪ್ ಮೇಲೆ ಗಾಜಿನ ಉಂಗುರವನ್ನೇ ಮಾಡಿತು. ಅದರಲ್ಲಿ ಬೆಳಕು ಆರುವ ಮುನ್ನ ಹತ್ತಾರು ಸಾವಿರ ಸುತ್ತು ಹಾಕುತ್ತದೆ. ಸುತ್ತಿದಷ್ಟೂ ಒತ್ತೊತ್ತಾಗಿ ಸೇರುವುದರಿಂದ ಮಿಲಿವಾಟ್‌ನ ಸಣ್ಣ ಪಾಲು ಸಾಕು, ಗಾಜಿನ ಗುಣವೇ ಬದಲಾಗಿ ಬೆಳಕಿನಿಂದ ಹೊಸ ಬಣ್ಣ ಹುಟ್ಟುತ್ತದೆ. ನನಗೆ ಹೆಚ್ಚು ಬೆರಗು ಹುಟ್ಟಿಸಿದ್ದು ಇನ್ನೊಂದು: ಒಳಗಿನ ಬೆಳಕು ಅಂಚನ್ನು ತಳ್ಳುತ್ತದೆ, ಇಡೀ ಉಂಗುರ ತಾನಾಗಿ ಕಂಪಿಸತೊಡಗುತ್ತದೆ. 2005ರಲ್ಲಿ ಅದೇ ತಂಡ ಇದನ್ನೂ ಅಳೆಯಿತು. 2007ರಲ್ಲಿ ಜರ್ಮನಿಯಲ್ಲಿ ಟೋಬಿಯಾಸ್ ಕಿಪ್ಪೆನ್‌ಬರ್ಗ್ ಮತ್ತು ಸಂಗಡಿಗರು ಒಂದೇ ಬಣ್ಣದ ಲೇಸರನ್ನು ಉಂಗುರಕ್ಕೆ ಹಾಯಿಸಿ, ಸಮಾನ ಅಂತರದ ಹತ್ತಾರು ಬಣ್ಣಗಳ 'ಬಾಚಣಿಗೆ' ಪಡೆದರು.

ಬೆಳಕಿನ ಕಂಪನಗಳನ್ನು ಎಣಿಸುವ ಗಡಿಯಾರಕ್ಕೆ ಇಂಥ ಬಾಚಣಿಗೆಯೇ ಬೇಕು. ಈ ಮಾತು ಹಾಸನಕ್ಕೆ ತಾಗುವುದೂ ಇಲ್ಲೇ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ನೆಲದ ಮೇಲಿನವರಿಗೆ ತಾವಿರುವ ಜಾಗ ತಿಳಿಸುವ ನಾವಿಕ್ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಸಂಕೇತ ಬರಲು ಹಿಡಿದ ಸಮಯದಿಂದಲೇ ದೂರ ಲೆಕ್ಕ ಹಾಕುವುದರಿಂದ, ಅವುಗಳ ಗಡಿಯಾರ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ತಪ್ಪಿದರೆ ದೂರದ ಲೆಕ್ಕ 30 ಸೆಂಟಿಮೀಟರ್ ತಪ್ಪುತ್ತದೆ. 2013ರಲ್ಲಿ ಹಾರಿದ ಮೊದಲ ನಾವಿಕ್ ಉಪಗ್ರಹದ ಮೂರೂ ಆಮದು ರುಬಿಡಿಯಂ ಪರಮಾಣು ಗಡಿಯಾರಗಳು ಕೆಟ್ಟುಹೋದವು. ದೇಶದಲ್ಲೇ ತಯಾರಾದ ಗಡಿಯಾರ ಬಾಹ್ಯಾಕಾಶ ಸೇರಿದ್ದು 2023ರ ಮೇ 29ರಂದು, ನಾವಿಕ್ ಸಾಲಿನ ಎನ್‌ವಿಎಸ್-01 ಉಪಗ್ರಹದಲ್ಲಿ. ಇಂದಿನ ಉಪಗ್ರಹಗಳಲ್ಲಿ ಗಾಜಿನ ಉಂಗುರವಿಲ್ಲ. ಆದರೆ 2019ರಲ್ಲೇ ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಇಂಥ ಉಂಗುರಗಳನ್ನೂ ರುಬಿಡಿಯಂ ಆವಿಯನ್ನೂ ಕೂಡಿಸಿ ಬೆಳಕಿನ ಗಡಿಯಾರ ತೋರಿಸಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಬೆಳಕಿನ ಚಿಪ್‌ಗಳ ಸಂಶೋಧನೆ ನಡೆಯುತ್ತಿದೆ. ಹಾಸನದಿಂದ ಅಲ್ಲಿಗೆ ಅರ್ಧ ದಿನದ ದಾರಿಯೂ ಅಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಾಲೇಜುಗಳ ಭೌತಶಾಸ್ತ್ರದ ಮೇಷ್ಟ್ರುಗಳು ರಾಮನ್ ಪರಿಣಾಮದ ಪಾಠವನ್ನು 1928ಕ್ಕೇ ನಿಲ್ಲಿಸದೆ, ದಯವಿಟ್ಟು ಈ ಮಣಿಯವರೆಗೂ ಮುಂದುವರಿಸಬೇಕು.