ಕಾಲೇಜು ಸಿಗದ ಹುಡುಗಿ ಲೇಖಕಿಯಾದ ಬಗೆ

ಹಿಂದಿನ ಬೆಂಚಿನ ಮಕ್ಕಳಿಗೆ ಧೈರ್ಯ ಬರಲೆಂದು ನಮ್ಮ ಮಂಗಳೂರಿನ ಶಾಲೆ, ಕಾಲೇಜುಗಳಲ್ಲಿ ಮೊದಲು ಕೈಗೆ ಮೈಕು ಕೊಡುತ್ತೇವೆ. ಭಾಷಣ ಸ್ಪರ್ಧೆ, ಚರ್ಚಾ ಸ್ಪರ್ಧೆ. ಮಾತೇ ಹೊರಡದವರು ಅಲ್ಲಿಯೂ ಸೋತು ಬಂದು ಕೂರುತ್ತಾರೆ. ಅಂಥವರಿಗೆ ಒಂದು ಹಾಳೆ ಕೊಟ್ಟು ನೋಡಬೇಕು ಎನ್ನುವವನು ನಾನು. ಸಾಕ್ಷಿಗೆ ದೂರ ಹೋಗಬೇಕಿಲ್ಲ. ಇದೇ ಊರಿನ ಲಾಲ್‌ಬಾಗಿನಲ್ಲಿ ಬಹುಕಾಲ ಬಾಳಿದ ಸಾರಾ ಅಬೂಬಕ್ಕರ್ ಇದ್ದಾರೆ.

ಸಾರಾ ಹುಟ್ಟಿದ್ದು 1936ರ ಜೂನ್ 30ರಂದು, ಕಾಸರಗೋಡಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಊರು. ಮನೆಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ. ವಕೀಲರಾಗಿದ್ದ ತಂದೆ ಮಗಳನ್ನು ಹೈಸ್ಕೂಲಿನವರೆಗೆ ಓದಿಸಿದರು. ಆ ಭಾಗದ ಮುಸ್ಲಿಂ ಹುಡುಗಿಯರಲ್ಲಿ ಅಷ್ಟು ಓದಿದವರೇ ಇರಲಿಲ್ಲವೆನ್ನಬಹುದು. ಮುಂದೆ ಕಾಲೇಜಿಗೆ ಹೋಗುವ ಆಸೆಗೆ ಸಮುದಾಯದ ಕಟ್ಟುಪಾಡು ಅಡ್ಡ ಬಂತು. ಮದುವೆಯಾಯಿತು. ಗಂಡ ಎಂಜಿನಿಯರ್, ನಾಲ್ವರು ಗಂಡುಮಕ್ಕಳು. ಒಂದು ಲೈಬ್ರರಿಯ ಸದಸ್ಯತ್ವ ಸಿಗುವ ಹೊತ್ತಿಗೆ 1963ನೇ ಇಸವಿ ಬಂದಿತ್ತು.

ಮೊದಲ ಲೇಖನ ಅಚ್ಚಾದದ್ದು 1981ರಲ್ಲಿ, ಲಂಕೇಶ್ ಪತ್ರಿಕೆಯಲ್ಲಿ. ವಿಷಯ ಕೋಮು ಸೌಹಾರ್ದ. ವಯಸ್ಸು ನಲವತ್ತೈದರ ಆಸುಪಾಸು. ನಡುವಿನ ಆ ವರ್ಷಗಳು ದಂಡವಾದವು ಎಂದು ಮಾತ್ರ ನಾನು ಹೇಳಲಾರೆ. ಗಂಡಸರು ಕಾಲಿಡದ ಒಳಮನೆಯ ಮಾತುಕತೆ, ತಲಾಖಿನ ಪಂಚಾತಿಕೆ, ತವರಿಗೆ ಮರಳಿದವಳ ಮೌನ: ಅವರ ಕಥೆಗಳಲ್ಲಿರುವುದೆಲ್ಲ ಇವೇ.

ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ 1984ರಲ್ಲಿ ಪುಸ್ತಕವಾಯಿತು. ಅಪ್ಪನ ಹಟಕ್ಕೆ ಸಿಕ್ಕಿ ನಾದಿರಾ ಗಂಡನಿಂದ ದೂರವಾಗುತ್ತಾಳೆ, ತಲಾಖೂ ಆಗಿಬಿಡುತ್ತದೆ. ಮತ್ತೆ ಅವನನ್ನೇ ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ, ಅವನೊಡನೆ ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದು ಬರಬೇಕೆಂಬ ಕಟ್ಟಳೆ. ಆ ರಾತ್ರಿಗೆ ಮನಸ್ಸೊಪ್ಪದೆ ಅವಳು ಮಸೀದಿಯ ಕೆರೆಗೆ ಬೀಳುತ್ತಾಳೆ. ಭಾಷೆ ಬಲು ಸಾದಾ. ವರ್ಣನೆ ಹುಡುಕಿಕೊಂಡು ಹೋದವರಿಗೆ ನಿರಾಸೆಯಾದೀತು. ನನಗೆ ಹಿಡಿಸಿದ್ದು ಅದೇ. ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಕಂಡದ್ದನ್ನು ಕಂಡ ಹಾಗೆ ಹೇಳಿ ಮುಗಿಸುವ ವಾಕ್ಯಗಳು.

ಧೈರ್ಯವಿದ್ದುದರಿಂದ ಬರೆದರು ಎನ್ನುತ್ತಾರೆ. ಬರೆಯುತ್ತ ಹೋದ ಹಾಗೆ ಧೈರ್ಯ ಗಟ್ಟಿಯಾಯಿತು ಎಂದು ನನ್ನ ಎಣಿಕೆ. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಮಾರಂಭವೊಂದರಲ್ಲಿ ಅವರ ಮೇಲೆ ಹಲ್ಲೆಗೆ ಯತ್ನ ನಡೆಯಿತು. ಹೊಸ ಲೇಖಕಿ ಪೆನ್ನು ಮುಚ್ಚಿಡಲು ಅಷ್ಟು ಸಾಕಿತ್ತು. ಆದರೆ ಅದೇ ವರ್ಷ 'ಸಹನಾ' ಬಂತು, 1988ರಲ್ಲಿ 'ವಜ್ರಗಳು'. 1990ರಿಂದ 94ರವರೆಗೆ ಅವರು ಕರಾವಳಿ ಲೇಖಕಿಯರ ವಾಚಕಿಯರ ಸಂಘದ ಅಧ್ಯಕ್ಷೆ. ಬರೆಯುವವರ ಜೊತೆ ಬರೇ ಓದುವ ಹೆಂಗಸರಿಗೂ ಜಾಗವಿರುವ ಸಂಘ ಅದು. ವರ್ಷಗಟ್ಟಲೆ ಬರೇ ಓದುಗರಾಗಿದ್ದ ಅವರಿಗಿಂತ ತಕ್ಕ ಅಧ್ಯಕ್ಷೆ ಬೇರೆ ಯಾರಿದ್ದರು! 1994ರಲ್ಲಿ ಚಂದ್ರಗಿರಿ ಪ್ರಕಾಶನವನ್ನೂ ಶುರುಮಾಡಿದರು. 2008ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು.

2023ರ ಜನವರಿ 10ರಂದು ಮಂಗಳೂರಿನಲ್ಲೇ ತೀರಿಕೊಂಡರು. ಅವರ ಕೊನೆಯ ದೊಡ್ಡ ಜಗಳ ಸಿನಿಮಾದವರ ಜೊತೆ. 2011ರ 'ಬ್ಯಾರಿ' ಚಿತ್ರ ರಾಷ್ಟ್ರಪ್ರಶಸ್ತಿ ಗೆದ್ದಿತು. ಅದರ ಕಥೆ ತನ್ನ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯದು, ತನ್ನನ್ನು ಯಾರೂ ಕೇಳಿಲ್ಲ ಎಂದು ಎಪ್ಪತ್ತೈದು ದಾಟುವ ವಯಸ್ಸಿನಲ್ಲಿ ಸಾರಾ ಕೋರ್ಟಿನ ಮೆಟ್ಟಿಲು ಹತ್ತಿದರು.