ಕೊಲೆ ಅಪರಾಧದ ತೀರ್ಪಿನ ವಿರುದ್ಧ ಮೇಲ್ಮನವಿ

ಕೊಲೆ ಅಪರಾಧದ ತೀರ್ಪಿನ ವಿರುದ್ಧ ಮೇಲ್ಮನವಿ ಎಂದರೆ, ಕೊಲೆ ಪ್ರಕರಣದಲ್ಲಿ ಸೆಷನ್ಸ್ ನ್ಯಾಯಾಲಯದಿಂದ ಅಪರಾಧಿಯೆಂದು ಘೋಷಿತನಾದ ವ್ಯಕ್ತಿಯು ಆ ತೀರ್ಪಿನ ಮರುಪರಿಶೀಲನೆಯನ್ನು ಕೋರಿ ಉಚ್ಚ ನ್ಯಾಯಾಲಯಕ್ಕೆ ಸಲ್ಲಿಸುವ ಮನವಿ. ಈ ಹಕ್ಕನ್ನು ಶಾಸನವೇ ನೀಡಿದ್ದು, ಮೊದಲ ಮೇಲ್ಮನವಿಗೆ ನ್ಯಾಯಾಲಯದ ಪೂರ್ವಾನುಮತಿ ಬೇಕಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಇಂತಹ ಮೇಲ್ಮನವಿಗಳು ಬೆಂಗಳೂರಿನಲ್ಲಿರುವ ಕರ್ನಾಟಕ ಉಚ್ಚ ನ್ಯಾಯಾಲಯದ ಪ್ರಧಾನ ಪೀಠದ ಮುಂದೆ ಬರುತ್ತವೆ.

ವಿಚಾರಣಾ ನ್ಯಾಯಾಲಯ

ಪೊಲೀಸರ ದೋಷಾರೋಪ ಪಟ್ಟಿಯು ಮೊದಲು ಮ್ಯಾಜಿಸ್ಟ್ರೇಟರ ಮುಂದೆ ಬರುತ್ತದೆ. ಕೊಲೆ ಪ್ರಕರಣವನ್ನು ವಿಚಾರಣೆ ಮಾಡುವ ಅಧಿಕಾರ ಸೆಷನ್ಸ್ ನ್ಯಾಯಾಲಯಕ್ಕೆ ಮಾತ್ರ ಇರುವುದರಿಂದ ಮ್ಯಾಜಿಸ್ಟ್ರೇಟರು ಅದನ್ನು ಅಲ್ಲಿಗೆ ಒಪ್ಪಿಸುತ್ತಾರೆ. ಗ್ರಾಮಾಂತರ ಜಿಲ್ಲೆಯ ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವು ಬೆಂಗಳೂರು ನಗರದಲ್ಲಿದೆ. ದೊಡ್ಡಬಳ್ಳಾಪುರ ಮತ್ತು ದೇವನಹಳ್ಳಿಗಳಲ್ಲಿ ಅಪರ ಸೆಷನ್ಸ್ ನ್ಯಾಯಾಲಯಗಳು ಕಾರ್ಯನಿರ್ವಹಿಸುತ್ತವೆ.

ಭಾರತೀಯ ದಂಡ ಸಂಹಿತೆಯ 302ನೇ ಕಲಮಿನಂತೆ, ಮತ್ತು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನಂತೆ, ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಮಾತ್ರ ಉಂಟು. ಜೊತೆಗೆ ದಂಡವನ್ನೂ ವಿಧಿಸಲಾಗುತ್ತದೆ. ಅದಕ್ಕಿಂತ ಕಡಿಮೆ ಶಿಕ್ಷೆಗೆ ಅವಕಾಶವಿಲ್ಲ.

ಕಾಲಮಿತಿ ಮತ್ತು ತೀರ್ಪಿನ ಪ್ರತಿ

ಮೇಲ್ಮನವಿಯ ಹಕ್ಕು ದಂಡ ಪ್ರಕ್ರಿಯಾ ಸಂಹಿತೆಯ 374ನೇ ಕಲಮಿನಲ್ಲಿತ್ತು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 415ನೇ ಕಲಮಿನಲ್ಲಿದೆ. ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 60 ದಿನಗಳ ಕಾಲಾವಕಾಶವಿದೆ. ಮರಣದಂಡನೆಯಾಗಿದ್ದರೆ ಈ ಅವಧಿ 30 ದಿನ. ತೀರ್ಪಿನ ಪ್ರತಿ ಪಡೆಯಲು ಹಿಡಿದ ಸಮಯವನ್ನು ಇದರಲ್ಲಿ ಲೆಕ್ಕಹಾಕುವುದಿಲ್ಲ. ತಡವಾದಲ್ಲಿ ಸಕಾರಣ ತೋರಿಸಿ ವಿಳಂಬ ಮನ್ನಾ ಕೋರಬಹುದು.

ಸೆರೆಮನೆಯ ಶಿಕ್ಷೆಗೊಳಗಾದವನಿಗೆ ತೀರ್ಪಿನ ಪ್ರತಿಯನ್ನು ಕೂಡಲೇ ಉಚಿತವಾಗಿ ಕೊಡಬೇಕು. ಈ ನಿಯಮದ ಮಹತ್ವವನ್ನು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಎಂ. ಎಚ್. ಹೊಸ್ಕೋಟ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅದು ಕೊಲೆ ಪ್ರಕರಣವಾಗಿರಲಿಲ್ಲ. ಆದರೆ ತೀರ್ಪಿನ ಪ್ರತಿ ಕೈಸೇರದ ಕಾರಣ ಆ ಅರ್ಜಿ ನಾಲ್ಕು ವರ್ಷಕ್ಕೂ ಹೆಚ್ಚು ತಡವಾಗಿತ್ತು. ಪ್ರತಿಯನ್ನು ಸಕಾಲದಲ್ಲಿ ಕೊಡುವುದೂ ಬಡ ಕೈದಿಗೆ ಉಚಿತವಾಗಿ ವಕೀಲರನ್ನು ಒದಗಿಸುವುದೂ ರಾಜ್ಯದ ಕರ್ತವ್ಯವೆಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ಸಾರಿತು.

ಸೆರೆಮನೆಯಿಂದ ಮೇಲ್ಮನವಿ

ಕೈದಿಯು ತನ್ನ ಮೇಲ್ಮನವಿಯನ್ನು ಕಾರಾಗೃಹದ ಅಧಿಕಾರಿಯ ಕೈಗೆ ಕೊಟ್ಟರೆ, ಅದನ್ನು ಉಚ್ಚ ನ್ಯಾಯಾಲಯಕ್ಕೆ ತಲುಪಿಸುವ ಹೊಣೆ ಆ ಅಧಿಕಾರಿಯದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಬಂಧನದಲ್ಲಿರುವ ವ್ಯಕ್ತಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಉಚ್ಚ ನ್ಯಾಯಾಲಯದ ಹಂತದಲ್ಲಿ ಉಚ್ಚ ನ್ಯಾಯಾಲಯ ಕಾನೂನು ಸೇವೆಗಳ ಸಮಿತಿಯು ವಕೀಲರನ್ನು ನೇಮಿಸುತ್ತದೆ. ಮಾಹಿತಿಗಾಗಿ ಕುಟುಂಬದವರು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನಾಗಲಿ, 15100 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಯನ್ನಾಗಲಿ ಸಂಪರ್ಕಿಸಬಹುದು.

ಶಿಕ್ಷೆಯ ಅಮಾನತು

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಬಿಡುಗಡೆ ದೊರೆಯುವುದಿಲ್ಲ. ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಬೇಕೆಂದು ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು. ಅದನ್ನು ಪುರಸ್ಕರಿಸುವ ಮೊದಲು ನ್ಯಾಯಾಲಯವು ಸರ್ಕಾರಿ ಅಭಿಯೋಜಕರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸುವ ಅವಕಾಶ ಕೊಡಬೇಕು. ವಿಚಾರಣೆಯ ಕಾಲದಲ್ಲಿದ್ದ ನಿರಪರಾಧಿತ್ವದ ಭಾವನೆ ತೀರ್ಪಿನ ನಂತರ ಉಳಿದಿರುವುದಿಲ್ಲವಾದ್ದರಿಂದ ಇಂತಹ ಜಾಮೀನು ಸುಲಭವಾಗಿ ಸಿಗುವುದಿಲ್ಲ.

ಉಚ್ಚ ನ್ಯಾಯಾಲಯದ ಪರಿಶೀಲನೆ

ಮೇಲ್ಮನವಿಯನ್ನು ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಆಲಿಸುತ್ತದೆ. ಸಾಮಾನ್ಯವಾಗಿ ಸಾಕ್ಷಿಗಳನ್ನು ಮತ್ತೆ ಕರೆಸುವುದಿಲ್ಲ. ಸಾಕ್ಷಿಗಳ ಹೇಳಿಕೆ, ಮಹಜರು, ಮರಣೋತ್ತರ ಪರೀಕ್ಷೆಯ ವರದಿ ಮೊದಲಾದ ದಾಖಲೆಗಳನ್ನು ಪೀಠವು ಹೊಸದಾಗಿ ತೂಗಿ ನೋಡುತ್ತದೆ. ಅಗತ್ಯವೆನಿಸಿದರೆ ಹೆಚ್ಚುವರಿ ಸಾಕ್ಷ್ಯ ಪಡೆಯುವ ಅಧಿಕಾರವೂ ಪೀಠಕ್ಕಿದೆ. ವಕೀಲರು ಹಾಜರಾಗಲಿಲ್ಲವೆಂಬ ಕಾರಣಕ್ಕೆ ಮೇಲ್ಮನವಿಯನ್ನು ವಜಾ ಮಾಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1996ರ ಬಾನಿ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿದೆ.

ಕಣ್ಣಾರೆ ಕಂಡವರಿಲ್ಲದ ಪ್ರಕರಣಗಳಲ್ಲಿ 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪಿನ ಐದು ಸೂತ್ರಗಳು ಅನ್ವಯಿಸುತ್ತವೆ. ಅವುಗಳಂತೆ ಸಂದರ್ಭಗಳ ಸರಪಳಿ ಎಲ್ಲಿಯೂ ತುಂಡಾಗದೆ, ಆಪಾದಿತನ ತಪ್ಪನ್ನೇ ಹೊರತು ಬೇರೆ ಊಹೆಗೆ ಎಡೆಗೊಡದಂತಿರಬೇಕು.

ಪೀಠವು ಶಿಕ್ಷೆಯನ್ನು ಎತ್ತಿಹಿಡಿಯಬಹುದು, ಖುಲಾಸೆ ಮಾಡಬಹುದು ಅಥವಾ ಮರುವಿಚಾರಣೆಗೆ ಆದೇಶಿಸಬಹುದು. ಹೊಲದ ಬದುವಿನ ವಿಚಾರದಲ್ಲಿ ಹಠಾತ್ತನೆ ಎದ್ದ ಜಗಳದಂತಹ ಸಂದರ್ಭಗಳಲ್ಲಿ, ಕೃತ್ಯವು ಕೊಲೆಯಲ್ಲದ ನರಹತ್ಯೆಯೆಂದು ಕಂಡುಬಂದರೆ ಶಿಕ್ಷೆಯನ್ನು ಇಳಿಸಬಹುದು. ಅಪರಾಧಿ ಸಲ್ಲಿಸಿದ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ.

ಮರಣದಂಡನೆಯ ದೃಢೀಕರಣ

ಸೆಷನ್ಸ್ ನ್ಯಾಯಾಲಯ ವಿಧಿಸಿದ ಮರಣದಂಡನೆಯನ್ನು ಉಚ್ಚ ನ್ಯಾಯಾಲಯ ದೃಢೀಕರಿಸದೆ ಜಾರಿಗೊಳಿಸಲಾಗದು. ಅಪರಾಧಿ ಮೇಲ್ಮನವಿ ಸಲ್ಲಿಸದಿದ್ದರೂ ಕಡತ ಅಲ್ಲಿಗೆ ಹೋಗುತ್ತದೆ.

ಹೊಸಕೋಟೆ ತಾಲ್ಲೂಕಿನ ದಂಡುಪಾಳ್ಯದ ಹೆಸರಿನಿಂದ ಗುರುತಿಸಲಾಗುವ ಗುಂಪಿನ ಮೇಲಿನ ಕೊಲೆ ಮತ್ತು ದರೋಡೆ ಪ್ರಕರಣಗಳಲ್ಲಿ ವಿಚಾರಣಾ ನ್ಯಾಯಾಲಯವು ಹಲವರಿಗೆ ಮರಣದಂಡನೆ ವಿಧಿಸಿತ್ತು. ಉಚ್ಚ ನ್ಯಾಯಾಲಯದಲ್ಲಿ ಅವುಗಳಲ್ಲಿ ಕೆಲವು ಕಡಿತಗೊಂಡವು. ಗುಂಪಿನ ಕುಖ್ಯಾತಿ ಎಷ್ಟೇ ಇದ್ದರೂ ಪ್ರತಿ ಪ್ರಕರಣವನ್ನೂ ಅದರದೇ ಸಾಕ್ಷ್ಯದಿಂದ ರುಜುವಾತುಪಡಿಸಬೇಕೆಂಬುದು ಕಾನೂನಿನ ನಿಯಮ.

ಬೆಂಗಳೂರಿನ ಉಮೇಶ್ ರೆಡ್ಡಿ ಪ್ರಕರಣದಲ್ಲಿ ಶಿಕ್ಷೆಯ ಪ್ರಮಾಣದ ಬಗ್ಗೆ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಬಂದು, ಮೂರನೆಯ ನ್ಯಾಯಮೂರ್ತಿಯು 2009ರಲ್ಲಿ ಮರಣದಂಡನೆಯನ್ನು ಎತ್ತಿಹಿಡಿದರು. ದೀರ್ಘಕಾಲದ ಏಕಾಂತ ಬಂಧನದ ಕಾರಣದಿಂದ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಅದನ್ನು ಕನಿಷ್ಠ 30 ವರ್ಷಗಳ ಜೀವಾವಧಿ ಶಿಕ್ಷೆಗೆ ಇಳಿಸಿತು.

ಸಂತ್ರಸ್ತರ ಮತ್ತು ಸರ್ಕಾರದ ಮೇಲ್ಮನವಿ

ಆಪಾದಿತನು ಖುಲಾಸೆಯಾದಾಗ ಸರ್ಕಾರವು ಮೇಲ್ಮನವಿ ಸಲ್ಲಿಸಬಹುದು. 2009ರ ಡಿಸೆಂಬರ್ 31ರಿಂದ ಮೃತರ ಕುಟುಂಬದವರಿಗೂ ಈ ಹಕ್ಕು ದೊರೆತಿದೆ. ಆದರೆ ಖುಲಾಸೆಯು ನಿರಪರಾಧಿತ್ವದ ಭಾವನೆಯನ್ನು ಇಮ್ಮಡಿಗೊಳಿಸುತ್ತದೆ. ಎರಡು ಅಭಿಪ್ರಾಯಗಳು ಸಾಧ್ಯವಿದ್ದಲ್ಲಿ ಖುಲಾಸೆಯನ್ನು ಕದಲಿಸಬಾರದೆಂದು 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಹೇಳುತ್ತದೆ.

ಸರ್ವೋಚ್ಚ ನ್ಯಾಯಾಲಯ ಮತ್ತು ಕ್ಷಮಾದಾನ

ಖುಲಾಸೆಯನ್ನು ರದ್ದುಪಡಿಸಿ ಉಚ್ಚ ನ್ಯಾಯಾಲಯವೇ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಿದರೆ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹಕ್ಕಾಗಿ ದೊರೆಯುತ್ತದೆ. ಶಿಕ್ಷೆಯನ್ನು ಉಚ್ಚ ನ್ಯಾಯಾಲಯ ಎತ್ತಿಹಿಡಿದ ಸಾಮಾನ್ಯ ಪ್ರಕರಣಗಳಲ್ಲಿ ಸಂವಿಧಾನದ 136ನೇ ವಿಧಿಯಡಿ ವಿಶೇಷ ಅನುಮತಿ ಕೋರಬೇಕು. ನ್ಯಾಯಾಲಯಗಳ ದಾರಿ ಮುಗಿದ ಮೇಲೆ ರಾಜ್ಯಪಾಲರಿಗೆ 161ನೇ ವಿಧಿಯಡಿ, ರಾಷ್ಟ್ರಪತಿಗಳಿಗೆ 72ನೇ ವಿಧಿಯಡಿ ಕ್ಷಮಾದಾನದ ಅರ್ಜಿ ಸಲ್ಲಿಸಬಹುದು. 2003ರಲ್ಲಿ ಬೆಂಗಳೂರಿನಲ್ಲಿ ನಡೆದ ರಿಂಗ್ ರಸ್ತೆ ಕೊಲೆ ಪ್ರಕರಣದಲ್ಲಿ 2010ರಲ್ಲಿ ವಿಚಾರಣಾ ನ್ಯಾಯಾಲಯದ ತೀರ್ಪು ಬಂತು. ಜೀವಾವಧಿ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈನಲ್ಲಿ ಎತ್ತಿಹಿಡಿದು, ರಾಜ್ಯಪಾಲರಲ್ಲಿ ಕ್ಷಮಾದಾನ ಕೋರಲು ಅಪರಾಧಿಗಳಿಗೆ ಎಂಟು ವಾರಗಳ ಕಾಲಾವಕಾಶ ನೀಡಿತು.