ಆಟದ ಕಾಯಕವೂ ಸತ್ಯಶುದ್ಧವಾಗಿರಲಿ

ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರು ಕಟ್ಟಿದ ಸಮಾಜದಲ್ಲಿ ನೇಯುವವರು, ದೋಣಿ ನಡೆಸುವವರು, ಸೌದೆ ಮಾರುವವರು ಇದ್ದಂತೆಯೇ ಜನರನ್ನು ರಂಜಿಸುವವರೂ ಇದ್ದರು. ವೇಷ ಕಟ್ಟುತ್ತಿದ್ದ ಬಹುರೂಪಿ ಚೌಡಯ್ಯನವರನ್ನೂ, ನಗಿಸುವುದನ್ನೇ ಕಾಯಕವಾಗಿ ಕೈಕೊಂಡ ನಗೆಯ ಮಾರಿತಂದೆಗಳನ್ನೂ, ಮದ್ದಳೆ ವಾದನದಲ್ಲಿ ನಿಪುಣರೆಂದು ಪರಂಪರೆ ಕೊಂಡಾಡುವ ಅಲ್ಲಮಪ್ರಭುಗಳನ್ನೂ ಸ್ಮರಿಸುವಾಗ ಒಂದು ಮಾತು ಮನದಟ್ಟಾಗುತ್ತದೆ. ಶರಣಧರ್ಮವು ವಿನೋದವನ್ನು ಹೀಗಳೆಯಲಿಲ್ಲ. ವಿನೋದ ನೀಡುವವರ ಕಾಯಕವೂ ಉಳಿದೆಲ್ಲ ಕಾಯಕಗಳಂತೆ ಸತ್ಯಶುದ್ಧವಾಗಿರಬೇಕೆಂದು ಅದು ಬಯಸಿತು.

ಇಂದು ನಮ್ಮ ಮನೆಮನೆಗಳಲ್ಲಿ ಮಕ್ಕಳ ಕೈಸೇರಿರುವ ವಿಡಿಯೋ ಗೇಮುಗಳ ವಿಷಯದಲ್ಲಿ ಹಿರಿಯರಿಂದ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಇವು ಮಕ್ಕಳನ್ನು ಕೆಡಿಸಲೆಂದೇ ಹುಟ್ಟಿದ ಪಿಡುಗೆಂದು ಕೆಲವರು ಕೋಪಗೊಂಡರೆ, ಕಾಲಕ್ಕೆ ತಕ್ಕ ಆಟ, ಆಡಿಕೊಳ್ಳಲಿ ಬಿಡಿ ಎಂದು ಮತ್ತೆ ಕೆಲವರು ಸುಮ್ಮನಾಗುತ್ತಾರೆ. ಈ ಎರಡೂ ಅಭಿಪ್ರಾಯಗಳು ಒಂದು ಮುಖ್ಯ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಈ ಆಟವನ್ನು ಮಾಡಿದವರು ಯಾರು, ಅವರು ಯಾವ ಮಾರ್ಗದಿಂದ ಹಣ ಗಳಿಸುತ್ತಾರೆ? ಆಟ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ಮುಗಿಯುವ ಆಟ, ಮುಗಿಯದ ಆಟ

ಅಮೆರಿಕದ ಅಟಾರಿ ಸಂಸ್ಥೆಯು 1972ರಲ್ಲಿ ಹೊರತಂದ ‘ಪಾಂಗ್’ ಎಂಬ ಆಟದಲ್ಲಿ ತೆರೆಯ ಮೇಲೆ ಇದ್ದುದು ಎರಡು ಗೆರೆಗಳು ಮತ್ತು ಒಂದು ಚುಕ್ಕೆ ಮಾತ್ರ. ಮುಂದೆ ಜಪಾನಿನಿಂದ 1978ರಲ್ಲಿ ‘ಸ್ಪೇಸ್ ಇನ್‌ವೇಡರ್ಸ್’, 1980ರಲ್ಲಿ ‘ಪ್ಯಾಕ್-ಮ್ಯಾನ್’ ಬಂದವು. ಪೆಟ್ಟಿಗೆಗೆ ನಾಣ್ಯ ಹಾಕಿದರೆ ಒಂದು ಸರದಿ ಆಟ. ಸರದಿ ಮುಗಿದರೆ ನಾಣ್ಯವೂ ಮುಗಿಯಿತು, ಕೈಯೂ ಬಿಡುವಾಯಿತು. ಅನಂತರ ಮನೆಗೆ ಬಂದ ಆಟದ ಯಂತ್ರಗಳಲ್ಲಿಯೂ ಒಮ್ಮೆ ಬೆಲೆ ತೆತ್ತು ಕೊಂಡರೆ ವ್ಯವಹಾರ ಮುಗಿಯುತ್ತಿತ್ತು.

ಮೊಬೈಲ್ ಫೋನಿನಲ್ಲಿ ಇಂದು ಹರಡಿರುವ ಬಹಳಷ್ಟು ಆಟಗಳ ರೀತಿಯೇ ಬೇರೆ. ಅವು ಉಚಿತವಾಗಿಯೇ ದೊರೆಯುತ್ತವೆ. ಆದರೆ ಅವುಗಳಿಗೆ ಕೊನೆಯೆಂಬುದಿಲ್ಲ. ಪ್ರತಿದಿನ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ. ಬೇಗ ಮುಂದೆ ಸಾಗಬೇಕಾದರೆ ಹಣ. ಕೆಲವು ಆಟಗಳಲ್ಲಿ ಮುಚ್ಚಿದ ಪೆಟ್ಟಿಗೆಯೊಂದನ್ನು ಮಾರುತ್ತಾರೆ. ಒಳಗೇನಿದೆಯೆಂದು ತಿಳಿಯುವ ಮೊದಲೇ ಮಗು ಹಣ ತೆರಬೇಕು. ನಮ್ಮ ಅಜ್ಜಿಯರು ಆಡುತ್ತಿದ್ದ ಚೌಕಾಬಾರದಲ್ಲಿಯೂ ಅದೃಷ್ಟದ ಪಾಲು ಉಂಟಲ್ಲವೇ ಎಂದು ಯಾರಾದರೂ ಕೇಳಬಹುದು. ಉಂಟು, ನಿಜ. ಆದರೆ ಅಲ್ಲಿ ಕವಡೆ ಹೇಗೆ ಬಿದ್ದರೂ ಕವಡೆ ಮಾರಿದವನ ಜೇಬು ತುಂಬುತ್ತಿರಲಿಲ್ಲ. ಇಲ್ಲಿ ಕವಡೆಯ ಒಡೆಯನೇ ಆಟವನ್ನೂ ರೂಪಿಸುತ್ತಾನೆ, ಲಾಭವನ್ನೂ ಎಣಿಸುತ್ತಾನೆ.

ಇದು ಬರಿಯ ಊಹೆಯಲ್ಲ. ‘ಫೋರ್ಟ್‌ನೈಟ್’ ಆಟದ ಒಡೆತನವುಳ್ಳ ಎಪಿಕ್ ಗೇಮ್ಸ್ ಸಂಸ್ಥೆಯು 2022ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನೊಡನೆ 52 ಕೋಟಿ ಡಾಲರುಗಳನ್ನು ತೆರಲು ಒಪ್ಪಂದ ಮಾಡಿಕೊಂಡಿತು. ಅದರಲ್ಲಿ 27.5 ಕೋಟಿ ಡಾಲರ್ ಮಕ್ಕಳ ಖಾಸಗಿ ಮಾಹಿತಿಯನ್ನು ಕುರಿತ ಆರೋಪಕ್ಕೆ, ಉಳಿದ 24.5 ಕೋಟಿ, ಬಯಸದ ಖರೀದಿಗೆ ಜನರನ್ನು ಎಳೆಯುವಂತೆ ಗುಂಡಿಗಳನ್ನು ಜೋಡಿಸಿದರೆಂಬ ಆರೋಪಕ್ಕೆ. ತಂದೆತಾಯಿಗಳ ಸಮ್ಮತಿಯಿಲ್ಲದೆಯೇ ಮಕ್ಕಳು ಗುಂಡಿಯೊತ್ತಿ ಹಣ ವ್ಯಯ ಮಾಡುವಂತಿತ್ತು ಎಂಬುದೂ ಆ ಆರೋಪಗಳಲ್ಲಿ ಒಂದು.

ಅಭಿಮಾನಿಗಳ ಎರಡು ಮುಖ

ಆಟಗಳ ಅಭಿಮಾನಿಗಳೆಲ್ಲ ವಿವೇಕವಿಲ್ಲದವರೆಂದು ತಿಳಿಯುವುದು ತಪ್ಪಾಗುತ್ತದೆ. ಅನ್ಯಾಯವನ್ನು ಮೊದಲು ಗುರುತಿಸಿದವರಲ್ಲಿ ಅವರೂ ಇದ್ದಾರೆ. 2017ರಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಎಂಬ ಆಟ ಹೊರಬರುವ ಹೊತ್ತಿಗೆ, ಪೂರ್ಣ ಬೆಲೆ ಕೊಟ್ಟು ಕೊಂಡವರೂ ಮುಖ್ಯ ಪಾತ್ರಗಳನ್ನು ಪಡೆಯಲು ಹಲವು ತಾಸು ಹೆಣಗಬೇಕು, ಇಲ್ಲವೇ ಮತ್ತೆ ಹಣ ತೆತ್ತು ಅದೃಷ್ಟ ಪರೀಕ್ಷಿಸಬೇಕು ಎಂಬುದು ತಿಳಿದುಬಂದಿತು. ಅಭಿಮಾನಿಗಳು ಸಿಡಿದೆದ್ದರು. ಸಂಸ್ಥೆಯು ಬಿಡುಗಡೆಯ ಮುನ್ನಾದಿನ ಆಟದೊಳಗಿನ ಮಾರಾಟವನ್ನು ನಿಲ್ಲಿಸಿತು. 2018ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು ಹಣ ಕೊಟ್ಟು ತೆರೆಯುವ ಮುಚ್ಚಿದ ಪೆಟ್ಟಿಗೆಗಳು ಜೂಜೆಂದೇ ಸಾರಿತು.

ಇನ್ನೊಂದು ಮುಖವನ್ನೂ ಮರೆಮಾಚಲಾಗದು. 2014ರಲ್ಲಿ ‘ಗೇಮರ್‌ಗೇಟ್’ ಎಂದು ಹೆಸರಾದ ಪ್ರಕರಣದಲ್ಲಿ ಅಭಿಮಾನದ ಹೆಸರು ಹೇಳಿಕೊಂಡವರು ಆಟಗಳನ್ನು ತಯಾರಿಸುವ ಹಾಗೂ ವಿಮರ್ಶಿಸುವ ಮಹಿಳೆಯರಿಗೆ ಕೊಲೆಬೆದರಿಕೆಗಳನ್ನು ಕಳುಹಿಸಿದರು. ಕೆಲವರು ಮನೆ ತೊರೆಯಬೇಕಾಯಿತು. ಅಕ್ಕಮಹಾದೇವಿ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮನಂತಹ ಶರಣೆಯರನ್ನು ಪೂಜ್ಯಭಾವದಿಂದ ಕಾಣುವ ನಮ್ಮ ಮನೆಗಳಲ್ಲಿ ಬೆಳೆಯುವ ಮಕ್ಕಳು, ಆಟದ ಗುಂಪಿನಲ್ಲಿ ಹೆಣ್ಣುಮಗಳೊಬ್ಬಳು ದನಿಯೆತ್ತಿದಾಗ ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ನಾವು ಗಮನಿಸಲೇಬೇಕು.

ಮಾಡುವವರ ಬೆವರು

ಆಟವನ್ನು ಕಟ್ಟುವವರೂ ಕಾಯಕಜೀವಿಗಳೇ. ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ ಎಂಬಾತ 1984ರಲ್ಲಿ ‘ಟೆಟ್ರಿಸ್’ ಆಟವನ್ನು ರಚಿಸಿದನು. ಬೀಳುವ ತುಂಡುಗಳನ್ನು ಜೋಡಿಸುವ ಆ ನಿರ್ಮಲ ಆಟ ಜಗತ್ತನ್ನೇ ಗೆದ್ದಿತು. ಆದರೆ ಹಕ್ಕುಗಳು ಸೋವಿಯತ್ ಸರ್ಕಾರದ ಕೈಯಲ್ಲಿದ್ದುದರಿಂದ ಅವನಿಗೆ ತನ್ನ ಕೃತಿಯ ಸಂಭಾವನೆ ದೊರೆಯತೊಡಗಿದ್ದು 1996ರಲ್ಲಿ. ಅಮೆರಿಕದಲ್ಲಿ 2004ರಲ್ಲಿ ದೊಡ್ಡ ಸಂಸ್ಥೆಯೊಂದರ ನೌಕರನ ಸಂಗಾತಿ, ಆಟದ ತಯಾರಿಕೆಯಲ್ಲಿ ವಾರವಿಡೀ ಹಗಲಿರುಳೆನ್ನದೆ ದುಡಿಸಿಕೊಳ್ಳುವ ಪದ್ಧತಿಯನ್ನು ಬಹಿರಂಗವಾಗಿ ಬರೆದಳು. ಆ ಸಂಸ್ಥೆ ಮುಂದೆ ತನ್ನ ನೌಕರರಿಗೆ ಕೋಟಿಗಟ್ಟಲೆ ಪರಿಹಾರ ತೆರಬೇಕಾಯಿತು. ಮಕ್ಕಳನ್ನು ನಲಿಸುವ ಆಟದ ಹಿಂದೆ ಇನ್ನೊಂದು ಮನೆಯ ಮಕ್ಕಳು ತಂದೆಯ ಮುಖ ಕಾಣದೆ ಮಲಗಿದ್ದರೆ ಆ ಕಾಯಕವನ್ನು ಶುದ್ಧವೆನ್ನಲಾದೀತೇ?

ಶುದ್ಧವಾದ ಉದಾಹರಣೆಯೂ ಉಂಟು. ಎರಿಕ್ ಬರೋನ್ ಎಂಬ ಅಮೆರಿಕದ ತರುಣ ನಾಲ್ಕು ವರ್ಷಗಳಿಗೂ ಮೀರಿ ಒಬ್ಬನೇ ದುಡಿದು 2016ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಆಟವನ್ನು ಹೊರತಂದನು. ಅಜ್ಜ ಬಿಟ್ಟುಹೋದ ಹೊಲವನ್ನು ಹಸನುಗೊಳಿಸಿ, ಬಿತ್ತಿ ಬೆಳೆದು, ಊರಿನವರ ಸ್ನೇಹ ಗಳಿಸುವುದೇ ಅದರ ಕಥೆ. ಒಮ್ಮೆ ಕೊಂಡವರ ಮುಂದೆ ಆ ಆಟ ಮತ್ತೆ ಕೈಯೊಡ್ಡುವುದಿಲ್ಲ. ಆದರೂ ಅದು ಕೋಟಿಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಗಿದೆ. ವಂಚನೆಯಿಲ್ಲದೆ ಈ ಉದ್ಯಮ ನಡೆಯದೆಂಬ ಮಾತಿಗೆ ಇದೇ ಉತ್ತರ.

ಕಾನೂನಿನ ಕೈ, ಮನೆಯ ಕೈ

ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಬಳಿಕ 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ, ಹಣದ ಪಣವಿಲ್ಲದ ಸ್ಪರ್ಧಾತ್ಮಕ ಇ-ಕ್ರೀಡೆಗಳಿಗೆ ಮನ್ನಣೆ ನೀಡುವ ಕಾಯಿದೆಯನ್ನು ಅಂಗೀಕರಿಸಿತು. ಚೀನಾ ದೇಶ 2021ರಲ್ಲಿ ಹದಿನೆಂಟರೊಳಗಿನವರಿಗೆ ಆನ್‌ಲೈನ್ ಆಟವನ್ನು ಶುಕ್ರವಾರ, ಶನಿವಾರ, ಭಾನುವಾರ ಹಾಗೂ ರಜಾದಿನಗಳಂದು ಒಂದೊಂದೇ ತಾಸಿಗೆ ಮಿತಿಗೊಳಿಸಿತು.

ಆದರೆ ಮನೆಯೊಳಗಿನ ಕಾವಲು ಮನೆಯವರದೇ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಗೇಮಿಂಗ್ ವ್ಯಾಧಿಗೆ ಸ್ಥಾನ ದೊರೆತಿದ್ದು, ಅದು 2022ರ ಜನವರಿಯಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಕೇಡಾಗುತ್ತಿದ್ದರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಇವು ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬಂದಿರಬೇಕು. ಆಡುವವರಲ್ಲಿ ಸ್ವಲ್ಪ ಜನರಿಗೆ ಮಾತ್ರ ಈ ವ್ಯಾಧಿ ತಗಲುತ್ತದೆಂದು ಅದೇ ಸಂಸ್ಥೆ ಹೇಳಿರುವುದರಿಂದ ಪ್ರತಿ ಮಗುವನ್ನೂ ರೋಗಿಯೆಂದು ಹೆದರಿಸಬೇಕಾಗಿಲ್ಲ. ಲಕ್ಷಣ ಕಂಡಲ್ಲಿ ನಾಚಬೇಕಾಗಿಯೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಇಂತಹವರಿಗಾಗಿ ‘ಷಟ್’ ಎಂಬ ಚಿಕಿತ್ಸಾಲಯವನ್ನು ಆರಂಭಿಸಿದೆ.

ಗೃಹಸ್ಥ ಬಂಧುಗಳು ಕೆಲವು ನಿಯಮಗಳನ್ನು ಪಾಲಿಸಬಹುದು. ಮಗುವಿನ ಪಕ್ಕದಲ್ಲಿ ಕುಳಿತು ಒಂದು ಬಾರಿಯಾದರೂ ಆ ಆಟವನ್ನು ತಾವೇ ಆಡಿ ನೋಡಲಿ. ಅದಕ್ಕೆ ಕೊನೆಯಿದೆಯೇ, ಅದು ಹಣ ಕೇಳುತ್ತದೆಯೇ, ಅಪರಿಚಿತರೊಡನೆ ಮಾತಿಗೆಳೆಯುತ್ತದೆಯೇ ಎಂದು ಪರಿಶೀಲಿಸಲಿ. ಹಣ ಪಾವತಿಯ ಗುಪ್ತಸಂಖ್ಯೆ ಮಗುವಿಗೆ ತಿಳಿಯದಿರಲಿ. ಲಿಂಗಪೂಜೆಯ ಮತ್ತು ಪ್ರಸಾದದ ವೇಳೆಯಲ್ಲಿ ಫೋನು ಮಕ್ಕಳಿಂದ ಮಾತ್ರವಲ್ಲ, ಹಿರಿಯರ ಕೈಯಿಂದಲೂ ದೂರವಿರಲಿ. ತಾನು ನಡೆಯದ ನುಡಿಯನ್ನು ಮಗುವಿಗೆ ಬೋಧಿಸಿದರೆ ಫಲವಿಲ್ಲ.

ದುಡಿದದ್ದರಲ್ಲಿ ಪಾಲು ಹಂಚುವುದು ದಾಸೋಹವೆಂದು ನಾವು ಬಲ್ಲೆವು. ಮಕ್ಕಳಿಗೆ ನಾವು ಇಂದು ಹಂಚಬೇಕಾದ ಪಾಲು ನಮ್ಮ ವೇಳೆ. ಹಿರಿಯರು ಆ ವೇಳೆಯನ್ನು ಕೊಡದ ಮನೆಯಲ್ಲಿ ಅದನ್ನು ತುಂಬಲು ಕೊನೆಯಿಲ್ಲದ ಆಟ ಕಾದೇ ಕುಳಿತಿರುತ್ತದೆ.